ಹೇಳಿಕೊಡದ ಮೇಷ್ಟ್ರು

ಮೇಷ್ಟ್ರು ಅಂದರೆ ಹೇಳಿಕೊಡುವವರು ಅಂತ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಎಷ್ಟು ಚೆನ್ನಾಗಿ ಹೇಳಿಕೊಟ್ಟರೆ ಅಷ್ಟು ಒಳ್ಳೆ ಮೇಷ್ಟ್ರು. ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಓದಿದವರಿಗೆ ದತ್ತ, ಸಾಧನೀಯ, ರಚನೆ, ಸಾಧನೆ ಅನ್ನುವ ನಾಲ್ಕು ಪದ ಕೇಳಿದರೆ ಈಗಲೂ ಕೈ ತಾನಾಗಿ ಸ್ಕೇಲು ಹುಡುಕುತ್ತದೆ, ಅಲ್ವೇ? ಮೇಷ್ಟ್ರು ಬೋರ್ಡಿನ ಮೇಲೆ ನಾಲ್ಕನ್ನೂ ಬರೆದು ಮುಗಿಸುತ್ತಿದ್ದರು. ನಾವು ಇಳಿಸಿಕೊಂಡು, ಉರು ಹೊಡೆದು, ಪರೀಕ್ಷೆಯಲ್ಲಿ ಕಕ್ಕಿ ಬರುತ್ತಿದ್ದೆವು. ಸಾಧನೆ ಅನ್ನುವುದನ್ನು ನಾವೇ ಸಾಧಿಸಬಹುದು ಅನ್ನುವ ಯೋಚನೆ ನಮ್ಮ ಕ್ಲಾಸಿನಲ್ಲಂತೂ ಯಾರಿಗೂ ಬಂದಿದ್ದನ್ನು ಕಾಣೆ.

ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಪೂರಾ ತದ್ವಿರುದ್ಧವಾದ ಒಬ್ಬ ಗಣಿತದ ಮೇಷ್ಟ್ರಿದ್ದರು. 1920ರಿಂದ 1969ರವರೆಗೆ, 49 ವರ್ಷ, ಆಸ್ಟಿನ್ನಿನ ಒಂದೇ ವಿಭಾಗದಲ್ಲಿ ಪಾಠ ಮಾಡಿದರು. ಪಾಠ ಮಾಡಿದರು ಅನ್ನುವುದೂ ಪೂರ್ತಿ ಸರಿಯಲ್ಲ. ಏನನ್ನೂ ಹೇಳಿಕೊಡಬಾರದು ಅನ್ನುವುದೇ ಅವರ ಪಾಠದ ಕ್ರಮ. ಯಾರಿಗೆ ಅತಿ ಕಡಿಮೆ ಹೇಳಿದ್ದೇವೋ ಅವರಿಗೇ ಅತಿ ಚೆನ್ನಾಗಿ ಕಲಿಸಿದ್ದೇವೆ ಅನ್ನುವ ಅರ್ಥದ ಮಾತು ಅವರ ಹೆಸರಿನಲ್ಲಿ ಇವತ್ತಿಗೂ ಓಡಾಡುತ್ತದೆ. ಹೀಗೆ ಹೇಳಿಕೊಡದೇ 50 ಜನಕ್ಕೆ ಪಿಎಚ್‌ಡಿ ಮಾಡಿಸಿದರು. ಅವರಲ್ಲಿ ಮೂವರು ಮುಂದೆ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಗೆ ಅಧ್ಯಕ್ಷರಾದರು. ಹೆಸರು ರಾಬರ್ಟ್ ಲೀ ಮೂರ್. (ನಮ್ಮ ಎರಡು, ಮೂರು, ನಾಲ್ಕಿನ ಮೂರು ಅಲ್ಲ. ಆದರೂ ಲೆಕ್ಕದ ಮೇಷ್ಟ್ರಿಗೆ ಒಪ್ಪುವ ಹೆಸರೇ ಅನ್ನಿ.)

ಈ ಮೇಷ್ಟ್ರ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಬರೆಯಲು ಕೂತಾಗಲೆಲ್ಲ ಅವರ ಕತೆಯ ಇನ್ನೊಂದು ಅರ್ಧ ಅಡ್ಡ ಬಂದು ನಿಲ್ಲುತ್ತಿತ್ತು. ಅದನ್ನೂ ಹೇಳುತ್ತೇನೆ, ಸ್ವಲ್ಪ ತಾಳಿ.

ಮೂರ್ ಹುಟ್ಟಿದ್ದು 1882ರ ನವೆಂಬರಿನಲ್ಲಿ, ಟೆಕ್ಸಸ್ಸಿನ ಡಲ್ಲಾಸ್‌ನಲ್ಲಿ. ಅಪ್ಪ ಮೂಲತಃ ಉತ್ತರದ ಕನೆಕ್ಟಿಕಟ್ಟಿನವರು. ಆದರೆ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಕಡೆ, ಅಂದರೆ ಗುಲಾಮಗಿರಿ ಉಳಿಯಬೇಕು ಅಂದವರ ಕಡೆ, ನಿಂತು ಹೋರಾಡಿದವರು. ಯುದ್ಧ ಮುಗಿದ ಮೇಲೆ ದಕ್ಷಿಣದಲ್ಲೇ ನೆಲೆಯೂರಿದರು. ಈ ವಿವರ ಈಗ ಸುಮ್ಮನೆ ಕಿವಿಯಲ್ಲಿರಲಿ.

ಹುಡುಗ ಮೂರ್ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲೇ ಕ್ಯಾಲ್ಕುಲಸ್ ಕಲಿತುಬಿಟ್ಟಿದ್ದ. ಕಲಿತ ರೀತಿ ಕೇಳಿ. ಪುಸ್ತಕ ಬಿಚ್ಚಿ ಪ್ರಮೇಯವನ್ನು ಮಾತ್ರ ಓದುವುದು. ಅದರ ಕೆಳಗಿನ ಸಾಧನೆಯ ಮೇಲೆ ಒಂದು ಕಾಗದ ಮುಚ್ಚುವುದು. ತಾನೇ ಸಾಧಿಸಲು ಒದ್ದಾಡುವುದು. ಏನು ಮಾಡಿದರೂ ಆಗದಿದ್ದರೆ ಕಾಗದವನ್ನು ಒಂದೇ ಒಂದು ಸಾಲು ಕೆಳಗೆ ಸರಿಸಿ, ಅಷ್ಟು ನೋಡಿಕೊಂಡು, ಮತ್ತೆ ಮುಚ್ಚಿ ಒದ್ದಾಡುವುದು. ಮುಂದೆ ಮೂರ್ ಅವರ ಕ್ಲಾಸಿನಲ್ಲಿ ನಡೆದದ್ದೆಲ್ಲ ಈ ಕಾಗದದ ಆಟವೇ. ಸಾಲು ಸರಿಸುವ ಅವಕಾಶವನ್ನೂ ಕಿತ್ತುಕೊಂಡರು, ಅಷ್ಟೇ ವ್ಯತ್ಯಾಸ.

1898ರಲ್ಲಿ, 15ರ ವಯಸ್ಸಿನಲ್ಲಿ, ಟೆಕ್ಸಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಜಾರ್ಜ್ ಬ್ರೂಸ್ ಹಾಲ್ಸ್ಟೆಡ್ ಅನ್ನುವ ಪ್ರೊಫೆಸರ್ ಸಿಕ್ಕರು. ಲೊಬಚೆವ್‌ಸ್ಕಿ, ಬೊಲ್ಯಾಯ್ ಇವರ ಹೊಸ ರೇಖಾಗಣಿತವನ್ನು ಇಂಗ್ಲಿಷಿಗೆ ತಂದವರು ಇವರೇ. ಬಾಯಿ ಬಿಗಿಹಿಡಿಯಲು ಬಾರದ, ಜಗಳಗಂಟ ಅನ್ನಬಹುದಾದ ಮನುಷ್ಯ. ಜರ್ಮನಿಯಲ್ಲಿ ಹಿಲ್ಬರ್ಟ್ 1899ರಲ್ಲಿ ರೇಖಾಗಣಿತವನ್ನು ಬುಡದಿಂದ ಕಟ್ಟಿ ಒಂದು ಪುಸ್ತಕ ತಂದಿದ್ದರು. ಸಾಧನೆ ಬೇಡದ, ಹಾಗೇ ಒಪ್ಪಿಕೊಳ್ಳಬೇಕಾದ ಮಾತುಗಳಿಗೆ ಸ್ವಯಂಸಿದ್ಧಗಳು ಅನ್ನುತ್ತೇವಲ್ಲ, ಅವುಗಳ ಪಟ್ಟಿ ಅದರಲ್ಲಿತ್ತು. ಪಟ್ಟಿಯಲ್ಲಿ ಒಂದು ಹೀಗಿತ್ತು: ಒಂದು ಗೆರೆಯ ಮೇಲೆ ಯಾವುದೇ ನಾಲ್ಕು ಬಿಂದುಗಳಿದ್ದರೂ ಅವಕ್ಕೆ ಕ, ಖ, ಗ, ಘ ಅಂತ ಹೆಸರಿಡಬಹುದು, ಇಟ್ಟಾಗ ಖ ಅನ್ನುವುದು ಕ-ಗ ನಡುವೆಯೂ ಕ-ಘ ನಡುವೆಯೂ ಇರುತ್ತದೆ, ಗ ಅನ್ನುವುದು ಕ-ಘ ನಡುವೆಯೂ ಖ-ಘ ನಡುವೆಯೂ ಇರುತ್ತದೆ.

"ಇದರಲ್ಲೇನಿದೆ ಮಹಾ, ಕಣ್ಣಿಗೆ ಕಾಣುತ್ತಲ್ಲ" ಅಂತೀರಾ? ಕಾಣುತ್ತೆ, ನಿಜ. ಪ್ರಶ್ನೆ ಅದಲ್ಲ. ಪಟ್ಟಿಯ ಉಳಿದ ಸ್ವಯಂಸಿದ್ಧಗಳನ್ನಷ್ಟೇ ಇಟ್ಟುಕೊಂಡು ಇದನ್ನು ಸಾಧಿಸಲು ಆಗುತ್ತದೆಯೋ? ಆದರೆ ಇದು ಪಟ್ಟಿಯಲ್ಲಿ ದಂಡಕ್ಕೆ ಕೂತಿದೆ ಅಂತಾಯಿತು. ಇಪ್ಪತ್ತು ತುಂಬದ ಮೂರ್ ಆಗುತ್ತದೆ ಅಂತ ತೋರಿಸಿದರು. ಹಾಲ್ಸ್ಟೆಡ್ ಹಿಗ್ಗಿ ಅದನ್ನು 1902ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಶಿಕಾಗೋದಲ್ಲಿ ಇ. ಎಚ್. ಮೂರ್ ಅನ್ನುವ ದೊಡ್ಡ ಗಣಿತಜ್ಞರಿದ್ದರು (ಅವರೂ ಮೂರೇ, ಆದರೆ ಸಂಬಂಧಿಕರಲ್ಲ). ಅವರು ಇದೇ ಮಾತನ್ನು ಆಗಲೇ ಬೇರೆ ದಾರಿಯಿಂದ ಸಾಧಿಸಿದ್ದರು. ಟೆಕ್ಸಸ್ಸಿನ ಹುಡುಗನ ಸಾಧನೆ ತಮ್ಮದಕ್ಕಿಂತ ಸರಳ ಅಂತ ಮೆಚ್ಚಿಕೊಂಡರು.

ಇಷ್ಟಾದರೂ ಟೆಕ್ಸಸ್ಸಿನ ಆಡಳಿತ ಮಂಡಳಿ ಹುಡುಗನ ಫೆಲೋಶಿಪ್ಪನ್ನು ಮುಂದುವರಿಸದೆ ಬೇರೆಯವರಿಗೆ ಕೊಟ್ಟಿತು. ಹಾಲ್ಸ್ಟೆಡ್ ಸುಮ್ಮನಿರುವ ಪೈಕಿಯಲ್ಲ, ಪತ್ರಿಕೆಯಲ್ಲೇ ಬಹಿರಂಗವಾಗಿ ಬೈದು ಬರೆದರು. 1902ರ ಡಿಸೆಂಬರಿನಲ್ಲಿ ಅವರನ್ನು ಕೆಲಸದಿಂದಲೇ ತೆಗೆದುಹಾಕಿದರು. ಶಿಷ್ಯನಿಗೆ ಅನ್ಯಾಯವಾಯಿತು ಅಂತ ಮಾತಾಡಿ ನೌಕರಿ ಕಳೆದುಕೊಂಡ ಮೇಷ್ಟ್ರು! ಶಿಷ್ಯ ಒಂದು ವರ್ಷ ಮಾರ್ಷಲ್ ಅನ್ನುವ ಊರಿನ ಹೈಸ್ಕೂಲಿನಲ್ಲಿ ಪಾಠ ಹೇಳಿ, ಆಮೇಲೆ ಶಿಕಾಗೋಗೆ ಹೋದರು.

ಶಿಕಾಗೋ ಆಗ ಅಮೆರಿಕದ ಗಣಿತಕ್ಕೆ ತವರುಮನೆ ಇದ್ದ ಹಾಗೆ. ಮೂರ್ ಅವರಿಗೆ ಅಲ್ಲಿನ ಉಪನ್ಯಾಸಗಳು ಬೇಸರ ತಂದವು. ಕೂತು ಕೇಳುವುದೇ ಅವರಿಗೆ ಆಗದು. ಬೇಸರ ಕಳೆಯಲು ಒಂದು ಆಟ ಕಂಡುಕೊಂಡರು. ಪ್ರೊಫೆಸರ್ ಪ್ರಮೇಯ ಹೇಳಿದ ತಕ್ಷಣ ಇವರು ತಲೆಯಲ್ಲೇ ಸಾಧನೆ ಶುರು ಮಾಡುವುದು, ಅವರು ಬೋರ್ಡಿನ ಮೇಲೆ ಮುಗಿಸುವುದರೊಳಗೆ ಇವರು ಮುಗಿಸಬೇಕು. ಬಹಳ ಸಲ ಇವರೇ ಗೆಲ್ಲುತ್ತಿದ್ದರಂತೆ. 1905ರಲ್ಲಿ ಓಸ್ವಾಲ್ಡ್ ವೆಬ್ಲೆನ್ ಅವರ ಮಾರ್ಗದರ್ಶನದಲ್ಲಿ ಪಿಎಚ್‌ಡಿ ಆಯಿತು. ಆಮೇಲೆ ಟೆನೆಸೀ, ಪ್ರಿನ್ಸ್‌ಟನ್, ನಾರ್ತ್‌ವೆಸ್ಟರ್ನ್ ಅಂತ ಸುತ್ತಾಡಿ, 1911ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ರೇಖಾಗಣಿತದ ತಳಹದಿಯ ಬಗ್ಗೆ ಒಂದು ಕೋರ್ಸು ಸಿಕ್ಕಿತು. ಕಾಗದದ ಆಟವನ್ನು ಬೇರೆಯವರ ಮೇಲೆ ಪ್ರಯೋಗಿಸಲು ಶುರು ಮಾಡಿದ್ದು ಅಲ್ಲಿ. ಮೊದಲ ಪಿಎಚ್‌ಡಿ ಶಿಷ್ಯ ಜೆ. ಆರ್. ಕ್ಲೈನ್ 1916ರಲ್ಲಿ ಹೊರಬಂದರು. ಈ ಹೆಸರನ್ನೂ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1920ರಲ್ಲಿ, ಫೆಲೋಶಿಪ್ ಮುಂದುವರಿಸದ ಅದೇ ಟೆಕ್ಸಸ್ಸಿಗೆ ಮೇಷ್ಟ್ರಾಗಿ ವಾಪಸ್ ಬಂದರು.

ಅವರ ಕ್ಲಾಸು ಹೇಗಿರುತ್ತಿತ್ತು ಅಂತ ಅಲ್ಲಿ ಕೂತವರು ಬರೆದಿಟ್ಟಿದ್ದಾರೆ. ಪಠ್ಯಪುಸ್ತಕ ಇಲ್ಲ. ಪುಸ್ತಕ ಇಲ್ಲ ಅಂದರೆ ಕೊಡುವುದಿಲ್ಲ ಅಂತಲ್ಲ, ಓದಲೇ ಕೂಡದು. ಆ ವಿಷಯದ ಮೇಲೆ ಲೈಬ್ರರಿಯಲ್ಲಿ ಏನಿದ್ದರೂ ಮುಟ್ಟುವ ಹಾಗಿಲ್ಲ. ಒಬ್ಬರನ್ನೊಬ್ಬರು ಕೇಳುವ ಹಾಗೂ ಇಲ್ಲ. ಮೊದಲ ದಿನ ಮೇಷ್ಟ್ರು ಒಂದೆರಡು ವ್ಯಾಖ್ಯೆ, ಒಂದೆರಡು ಸ್ವಯಂಸಿದ್ಧ, ಕೆಲವು ಪ್ರಮೇಯಗಳನ್ನು ಹೇಳಿ ಕಳಿಸುತ್ತಿದ್ದರು. ಮುಂದಿನ ತರಗತಿಗಳಲ್ಲಿ ಒಬ್ಬೊಬ್ಬರನ್ನೇ ಕರೆದು "ಈ ಪ್ರಮೇಯ ಆಯಿತಾ?" ಅಂತ ಕೇಳುವುದು. ಆಗಿದ್ದರೆ ಬೋರ್ಡಿಗೆ ಹೋಗಬೇಕು. ಉಳಿದವರ ಕೆಲಸ ತಪ್ಪು ಹುಡುಕುವುದು. ಮೇಷ್ಟ್ರು ಒಂದು ಪಕ್ಕ ಕೂತಿರುತ್ತಿದ್ದರು.

ಒಂದು ಚಿಕ್ಕ ಉದಾಹರಣೆ ನೋಡೋಣ. ಗಾಬರಿ ಬೇಡ, ಗೆರೆ ಮತ್ತು ಬಿಂದು ಬಿಟ್ಟು ಬೇರೇನೂ ಬೇಕಿಲ್ಲ. ಒಂದು ಗೆರೆಯ ಮೇಲೆ ಕೆಲವು ಬಿಂದುಗಳ ಗುಂಪಿದೆ ಅಂದುಕೊಳ್ಳಿ. ಗೆರೆಯ ಮೇಲಿನ ಒಂದು ಬಿಂದುವನ್ನು ತನ್ನೊಳಗೆ ಇಟ್ಟುಕೊಂಡ ಯಾವ ತುಂಡನ್ನು ಕತ್ತರಿಸಿದರೂ, ಎಷ್ಟೇ ಚಿಕ್ಕದಾಗಿ ಕತ್ತರಿಸಿದರೂ, ಅದರಲ್ಲಿ ಆ ಬಿಂದುವಲ್ಲದೆ ಗುಂಪಿನ ಮತ್ತೊಂದು ಬಿಂದು ಸಿಕ್ಕೇ ಸಿಗುತ್ತದೆ ಅನ್ನಿ. ಆಗ ಆ ಬಿಂದುವನ್ನು ಗುಂಪಿನ ಲಿಮಿಟ್ ಪಾಯಿಂಟ್ ಅನ್ನುತ್ತಾರೆ. 1, 1/2, 1/3, 1/4... ಅಂತ ಹೋಗುತ್ತಲೇ ಇರುವ ಗುಂಪಿಗೆ 0 ಅಂಥ ಬಿಂದು. 0 ತಾನು ಗುಂಪಿನಲ್ಲೇ ಇಲ್ಲ, ಆದರೂ ಅದರ ಸುತ್ತ ಎಷ್ಟು ಚಿಕ್ಕ ತುಂಡು ತೆಗೆದರೂ ಗುಂಪಿನವರು ಯಾರಾದರೂ ಒಳಗಿರುತ್ತಾರೆ.

ಈಗ ಪ್ರಮೇಯ. ಮ, ನ ಅಂತ ಎರಡು ಗುಂಪು. ಎರಡನ್ನೂ ಸೇರಿಸಿದ ದೊಡ್ಡ ಗುಂಪಿಗೆ ಪ ಅನ್ನುವುದು ಲಿಮಿಟ್ ಪಾಯಿಂಟ್ ಆಗಿದ್ದರೆ, ಮ, ನ ಇವುಗಳಲ್ಲಿ ಒಂದಕ್ಕಾದರೂ ಅದು ಲಿಮಿಟ್ ಪಾಯಿಂಟ್ ಆಗಿರಲೇಬೇಕು.

ಒಬ್ಬ ವಿದ್ಯಾರ್ಥಿ ಬೋರ್ಡಿಗೆ ಬಂದು ಹೀಗೆ ಹೇಳುತ್ತಾನೆ ಅನ್ನಿ: "ಪ ಎರಡಕ್ಕೂ ಲಿಮಿಟ್ ಪಾಯಿಂಟ್ ಅಲ್ಲ ಅಂದುಕೊಳ್ಳೋಣ. ಮ ಗುಂಪಿಗೆ ಅಲ್ಲವಾದ್ದರಿಂದ, ಪ ಬಿಟ್ಟರೆ ಮ ಗುಂಪಿನ ಒಂದೂ ಬಿಂದು ಇಲ್ಲದ ಒಂದು ತುಂಡು ಪ ಸುತ್ತ ಸಿಗುತ್ತದೆ. ಹಾಗೇ ನ ಗುಂಪಿನ ಒಂದೂ ಬಿಂದು ಇಲ್ಲದ ತುಂಡು ಸಿಗುತ್ತದೆ. ಅಂದರೆ ಪ ಸುತ್ತ ಎರಡೂ ಗುಂಪಿನವರು ಯಾರೂ ಇಲ್ಲ. ಮುಗೀತು." ಕೇಳಲು ಚೆನ್ನಾಗಿದೆ. ಆದರೆ ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತುತ್ತಾಳೆ: "ನೀನು ಹೇಳಿದ ಮೊದಲನೇ ತುಂಡು, ಎರಡನೇ ತುಂಡು, ಎರಡೂ ಒಂದೇನಾ?" ಬೋರ್ಡಿನ ಮುಂದೆ ನಿಂತವನ ಮುಖ ಇಳಿಯುತ್ತದೆ. ನಮ್ಮಲ್ಲಾದರೆ ಮೇಷ್ಟ್ರು ಎದ್ದು "ನೋಡಪ್ಪಾ, ಹೀಗೆ ಮಾಡಬೇಕಿತ್ತು" ಅಂತ ಒಂದು ಸಾಲಿನಲ್ಲಿ ತೂತು ಮುಚ್ಚಿಬಿಡುತ್ತಾರೆ. ಮೂರ್ ಮೇಷ್ಟ್ರು ಏಳುವುದಿಲ್ಲ. ಅವನೇ ಸರಿಮಾಡಿದರೆ ಸರಿ. ಇಲ್ಲದಿದ್ದರೆ ನಾಳೆ. ನಾಳೆಯೂ ಆಗದಿದ್ದರೆ ಬರುವ ವಾರ.

(ತೂತು ಮುಚ್ಚುವುದು ಹೇಗೆ ಅಂತ ನಾನೂ ಹೇಳುವುದಿಲ್ಲ. ನೀವೇ ನೋಡಿ.)

ನನಗೆ ಅತಿ ಹಿಡಿಸಿದ ವಿವರಗಳು ಎರಡು. ಮೊದಲನೆಯದು, ಕ್ಲಾಸಿನಲ್ಲಿ ಎಲ್ಲರಿಗಿಂತ ಹಿಂದಿದ್ದವರನ್ನು ಮೊದಲು ಕರೆಯುತ್ತಿದ್ದರು, ಮುಂದಿದ್ದವರು ಕೊನೆಗೆ. ನಮ್ಮ ಕ್ಲಾಸುಗಳಲ್ಲಿ ಕೈ ಎತ್ತುವ ನಾಲ್ಕು ಜನಕ್ಕೇ ಪ್ರತಿದಿನ ಅವಕಾಶ, ಉಳಿದವರು ತಲೆ ತಗ್ಗಿಸಿ ಗಂಟೆ ಹೊಡೆಯುವುದನ್ನೇ ಕಾಯುವುದು. ಎರಡನೆಯದು, ಯಾರಾದರೂ ಒಂದು ಪ್ರಮೇಯವನ್ನು ಸಾಧಿಸಲು ಬೋರ್ಡಿಗೆ ಹೊರಟಾಗ, ಅದನ್ನು ಇನ್ನೂ ತಾನೇ ಬಿಡಿಸಬೇಕು ಅಂದುಕೊಂಡವರು ಎದ್ದು ಹೊರಗೆ ಹೋಗಬಹುದಿತ್ತು. ಉತ್ತರ ಕಿವಿಗೆ ಬೀಳಬಾರದು ಅಂತ ಕ್ಲಾಸಿನಿಂದ ಹೊರಗೆ ಹೋಗುವ ವಿದ್ಯಾರ್ಥಿಗಳು! ನಾವು ಹೊರಗೆ ಹೋಗುತ್ತಿದ್ದ ಕಾರಣಗಳೇ ಬೇರೆ ಬಿಡಿ.

ರೇಮಂಡ್ ವೈಲ್ಡರ್ ಅನ್ನುವವರು ಟೆಕ್ಸಸ್ಸಿಗೆ ಬಂದದ್ದು ಇನ್ಶೂರೆನ್ಸ್ ಕಂಪನಿಗಳ ಲೆಕ್ಕಾಚಾರ ಕಲಿಯಲು. ಮೂರ್ ಅವರ ಕೋರ್ಸಿಗೂ ಸೇರಿಕೊಳ್ಳುತ್ತೇನೆ ಅಂದಾಗ ಮೇಷ್ಟ್ರಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಕ್ಲಾಸಿನಲ್ಲೂ ಅವರ ಕಡೆ ಹೆಚ್ಚು ಗಮನ ಕೊಡಲಿಲ್ಲ. ಒಂದು ದಿನ ವೈಲ್ಡರ್ ಅತಿ ಕಷ್ಟದ ಪ್ರಮೇಯವೊಂದನ್ನು ಸಾಧಿಸಿಬಿಟ್ಟರು. ಆಮೇಲೆ ಮೇಷ್ಟ್ರು ಅದುವರೆಗೆ ಯಾರೂ ಬಿಡಿಸಿರದ ಒಂದು ಸಮಸ್ಯೆ ಕೊಟ್ಟರು. ವೈಲ್ಡರ್ ಅದನ್ನೂ ಬಿಡಿಸಿ ತಂದಾಗ, ಇದನ್ನೇ ಬರೆದುಕೊಡಿ, ಪಿಎಚ್‌ಡಿಗೆ ಇಷ್ಟು ಸಾಕು ಅಂದರಂತೆ. 1923ರಲ್ಲಿ ಪದವಿ ಬಂತು, ಇನ್ಶೂರೆನ್ಸು ಅಲ್ಲಿಗೇ ಬಿಟ್ಟಿತು. ಸೊಸೈಟಿಯ ಅಧ್ಯಕ್ಷರಾದ ಆ ಮೂವರಲ್ಲಿ ಇವರೊಬ್ಬರು. ಉಳಿದಿಬ್ಬರು ಗಾರ್ಡನ್ ವೈಬರ್ನ್ ಮತ್ತು ಆರ್. ಎಚ್. ಬಿಂಗ್.

ಮೇರಿ ಎಲೆನ್ ರೂಡಿನ್ ಅವರ ಕತೆ ಇನ್ನೂ ಸೊಗಸು. ಟೆಕ್ಸಸ್ಸಿನ ಬೆಟ್ಟಗಾಡಿನ ಲೀಕಿ ಅನ್ನುವ ಮೂಲೆಯ ಊರಿನಲ್ಲಿ ಬೆಳೆದ ಹುಡುಗಿ. 1941ರಲ್ಲಿ ವಿಶ್ವವಿದ್ಯಾಲಯ ಸೇರಲು ಬಂದಾಗ ಎಲ್ಲ ಮೇಜುಗಳ ಮುಂದೆಯೂ ಸಾಲು. ಗಣಿತದ ಮೇಜಿನ ಮುಂದೆ ಮಾತ್ರ ಜನವಿಲ್ಲ, ಬೆಳ್ಳನೆ ಕೂದಲಿನ ಮುದುಕರೊಬ್ಬರು ಕೂತಿದ್ದಾರೆ. ಹುಡುಗಿ ಅಲ್ಲಿಗೆ ಹೋದಳು. ಮುದುಕರು "ಅಥವಾ", "ಮತ್ತು", "ಹಾಗಾದರೆ" ಇಂಥ ಪದಗಳನ್ನು ಅವಳು ಹೇಗೆ ಬಳಸುತ್ತಾಳೆ ಅಂತ ನೋಡುವ ಪ್ರಶ್ನೆಗಳನ್ನು ಕೇಳಿದರು. ಮಾರನೇ ದಿನ ಗಣಿತದ ಕ್ಲಾಸಿಗೆ ಹೋದರೆ ಅದೇ ಮುದುಕರು! 1949ರಲ್ಲಿ ಪಿಎಚ್‌ಡಿ ಆಗುವವರೆಗೂ ಆಕೆ ಮೂರ್ ಅವರ ಬಳಿಯೇ ಓದಿದರು. ಟೊಪಾಲಜಿಯಲ್ಲಿ 20ನೇ ಶತಮಾನದ ದೊಡ್ಡ ಹೆಸರುಗಳಲ್ಲಿ ಆಕೆಯದೂ ಒಂದು.

ಆದರೆ ಈ ರೂಡಿನ್ ಅವರೇ ಮುಂದೆ ತಮ್ಮ ಮೇಷ್ಟ್ರ ಪದ್ಧತಿಯ ನಷ್ಟವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಪಿಎಚ್‌ಡಿ ಕೈಗೆ ಬಂದಾಗ ಬೇರೆಯವರಿಗೆಲ್ಲ ಗೊತ್ತಿದ್ದ ಬೀಜಗಣಿತ, ವಿಶ್ಲೇಷಣೆ ತಮಗೆ ಗೊತ್ತಿರಲಿಲ್ಲ, ಗಣಿತದ ಒಂದು ಪ್ರಬಂಧವನ್ನೂ ಓದಿರಲಿಲ್ಲ ಅಂತ. ಯಾವ ಸಮಸ್ಯೆಯನ್ನಾದರೂ ಬಿಡಿಸಬಲ್ಲೆ ಅನ್ನುವ ಧೈರ್ಯ ಮಾತ್ರ ಬೆಟ್ಟದಷ್ಟು. ತಾವು ಮೇಷ್ಟ್ರಾದಾಗ ಅವರು ಈ ಪದ್ಧತಿಯಲ್ಲಿ ಪಾಠ ಮಾಡಲಿಲ್ಲ. ಓದುವುದೂ ಒಂದು ಕಲಿಕೆಯೇ ತಾನೇ? ಈಜು ಕಲಿಸಲು ಬಾವಿಗೆ ತಳ್ಳುವ ಮಾವಂದಿರು ನಮ್ಮ ಊರುಗಳಲ್ಲೂ ಇದ್ದರು. ಈಜಿ ಮೇಲೆ ಬಂದವರು ಅದನ್ನು ನೆನೆದು ಖುಷಿ ಪಡುತ್ತಾರೆ. ನೀರನ್ನೇ ಬಿಟ್ಟುಬಿಟ್ಟವರನ್ನು ಯಾರೂ ಕೇಳುವುದಿಲ್ಲ.

ಇನ್ನು ನಾನು ತಾಳಿ ಅಂದ ಅರ್ಧ.

ಮೂರ್ ಅವರ ಪದ್ಧತಿಯಲ್ಲಿ ಕ್ಲಾಸು ಶುರುವಾಗುವ ಮೊದಲೇ ಒಂದು ಕೆಲಸವಿತ್ತು. ಯಾರು ಒಳಗೆ, ಯಾರು ಹೊರಗೆ ಅಂತ ಮೇಷ್ಟ್ರೇ ಮಾತಾಡಿಸಿ ಆರಿಸುತ್ತಿದ್ದರು. ವಿಷಯ ಮೊದಲೇ ಗೊತ್ತಿದ್ದವರಿಗೆ ಜಾಗವಿಲ್ಲ. ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡಬೇಕು ಅನ್ನುವುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತು ಆರಿಸಬಹುದು ಅಂತಾದ ಮೇಲೆ, ಆ ಮನುಷ್ಯನ ಮನಸ್ಸಿನಲ್ಲಿ ಏನೇನಿದೆಯೋ ಅದೂ ಬಾಗಿಲಿಗೆ ಬಂದು ನಿಲ್ಲುತ್ತದೆ.

ಟೆಕ್ಸಸ್ ವಿಶ್ವವಿದ್ಯಾಲಯ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಹೇಮನ್ ಸ್ವೆಟ್ ಅನ್ನುವವರು ಕಾನೂನು ಓದಲು ಅರ್ಜಿ ಹಾಕಿ, ನಿರಾಕರಿಸಿದಾಗ ಕೋರ್ಟಿಗೆ ಹೋಗಿ, 1950ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಮೇಲಿನ ತರಗತಿಗಳ ಬಾಗಿಲು ಆಗ ತೆರೆಯಿತು, ಪದವಿ ತರಗತಿಗಳದು 1956ರಲ್ಲಿ. ಮೂರ್ ಅವರ ಬಾಗಿಲು ಮಾತ್ರ ತೆರೆಯಲಿಲ್ಲ. ಅವರು ಕಪ್ಪು ವಿದ್ಯಾರ್ಥಿಗಳಿಗೆ ಕಲಿಸುವುದಿಲ್ಲ ಅಂದರು, ಕಲಿಸಲಿಲ್ಲ. ಸೇರಲು ಹೋದ ಒಬ್ಬ ವಿದ್ಯಾರ್ಥಿಗೆ ಸಿಕ್ಕ ಉತ್ತರ ಈಗ ಎಲ್ಲರಿಗೂ ಗೊತ್ತಿರುವುದೇ: ಬೇಕಾದರೆ ಬಾ, ಆದರೆ ನಿನ್ನ ಲೆಕ್ಕ 'ಸಿ' ದರ್ಜೆಯಿಂದ ಶುರು, ಅಲ್ಲಿಂದ ಕೆಳಗೆ ಮಾತ್ರ ಹೋಗಬಹುದು. ಎಲ್ಲರೂ ಒಂದೇ ಗೆರೆಯಿಂದ ಓಡಬೇಕು ಅಂದವರು ಇವರೇ.

1960ರ ದಶಕದ ಆರಂಭದಲ್ಲಿ ವಿವಿಯನ್ ಮಲೋನ್-ಮೇಯ್ಸ್ ಅನ್ನುವವರು ಅಲ್ಲಿಗೆ ಗಣಿತ ಓದಲು ಬಂದರು. 1932ರಲ್ಲಿ ಟೆಕ್ಸಸ್ಸಿನ ವೇಕೋ ಊರಿನಲ್ಲಿ ಹುಟ್ಟಿದವರು. ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಆಗಬೇಕೆಂದು ಓದಲು ಶುರು ಮಾಡಿ ಗಣಿತಕ್ಕೆ ಹೊರಳಿದರು. ಅಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಎವೆಲಿನ್ ಬಾಯ್ಡ್ ಗ್ರಾನ್ವಿಲ್ ಒಬ್ಬರು, ಗಣಿತದಲ್ಲಿ ಪಿಎಚ್‌ಡಿ ಪಡೆದ ಮೊದಮೊದಲ ಕಪ್ಪು ಮಹಿಳೆಯರಲ್ಲಿ ಸೇರಿದವರು. ಮೇಯ್ಸ್ ಎಂ.ಎ. ಮುಗಿಸಿ ಏಳೆಂಟು ವರ್ಷ ಕಾಲೇಜುಗಳಲ್ಲಿ ಪಾಠ ಹೇಳಿದ ಮೇಲೆ ಮುಂದೆ ಓದಬೇಕು ಅಂದುಕೊಂಡರು. ಸ್ವಂತ ಊರಿನ ಬೇಲರ್ ವಿಶ್ವವಿದ್ಯಾಲಯಕ್ಕೆ 1961ರಲ್ಲಿ ಅರ್ಜಿ ಹಾಕಿದರೆ ಕಪ್ಪು ಜನರನ್ನು ಸೇರಿಸುವುದಿಲ್ಲ ಅಂದರು. ಹಾಗಾಗಿ ಆಸ್ಟಿನ್.

ಮೊದಲ ಕ್ಲಾಸಿನಲ್ಲಿ ಆಕೆಯೊಬ್ಬರೇ ಕಪ್ಪು, ಆಕೆಯೊಬ್ಬರೇ ಹೆಂಗಸು. ಆಕೆ ಹತ್ತಿರ ಬಂದರೆ ಸಹಪಾಠಿಗಳು ಆಡುತ್ತಿದ್ದ ಮಾತನ್ನು ನಿಲ್ಲಿಸಿಬಿಡುತ್ತಿದ್ದರು. ಪಾಠ ಹೇಳಿದ ಅನುಭವವಿದ್ದರೂ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಕೊಡಲಿಲ್ಲ. ಮೇಷ್ಟ್ರು, ವಿದ್ಯಾರ್ಥಿಗಳು ಸೇರಿ ಕಾಫಿ ಕುಡಿಯುತ್ತ ಗಣಿತ ಮಾತಾಡುತ್ತಿದ್ದ ಹೋಟೆಲಿನಲ್ಲಿ ಕಪ್ಪು ಜನರಿಗೆ ಕಾಫಿ ಇಲ್ಲ. ಮೂರ್ ಅವರ ಕ್ಲಾಸಿಗೆ ಪ್ರವೇಶ ಸಿಗಲಿಲ್ಲ.

ನಮ್ಮವರಿಗೆ ಇಲ್ಲಿ ಏಕಲವ್ಯ ನೆನಪಾಗದೆ ಇರುವುದಿಲ್ಲ. ಹೇಳಿಕೊಡದೆ ಕಲಿಯುವುದರಲ್ಲಿ ಏಕಲವ್ಯನಿಗಿಂತ ದೊಡ್ಡ ವಿದ್ಯಾರ್ಥಿ ಯಾರಿದ್ದಾರೆ? ಮೂರ್ ಪದ್ಧತಿಗೆ ಹೇಳಿ ಮಾಡಿಸಿದ ಹುಡುಗ. ದ್ರೋಣರ ಬಾಗಿಲಲ್ಲಿ ಅವನಿಗೆ ಆದದ್ದೇ ಆಕೆಗೂ ಆಯಿತು. ಮುಂದಿನದು ಮಾತ್ರ ಬೇರೆ. ಮೇಯ್ಸ್ ಈ ದ್ರೋಣರ ಮಣ್ಣಿನ ಬೊಂಬೆ ಮಾಡಿಕೊಂಡು ಕೂರಲಿಲ್ಲ. ಅದೇ ವಿಭಾಗದಲ್ಲಿದ್ದ ಡಾನ್ ಎಡ್ಮಂಡ್ಸನ್ ಅವರ ಬಳಿ ಕೆಲಸ ಮಾಡಿ 1966ರಲ್ಲಿ ಪಿಎಚ್‌ಡಿ ತೆಗೆದುಕೊಂಡರು. ಹೆಬ್ಬೆರಳು ಆಕೆಯ ಹತ್ತಿರವೇ ಉಳಿಯಿತು.

ಮೂರ್ ತಮ್ಮ ಶಿಷ್ಯರಿಗೆ ಒಬ್ಬರನ್ನೊಬ್ಬರು ಕೇಳಬೇಡಿ, ಒಬ್ಬೊಬ್ಬರೇ ಕೂತು ಯೋಚಿಸಿ ಅಂತ ಕಟ್ಟಳೆ ಹಾಕುತ್ತಿದ್ದರು. ಮೇಯ್ಸ್ ಅವರಿಗೆ ಕಟ್ಟಳೆಯಿಲ್ಲದೆಯೇ ಒಂಟಿತನ ಸಿಕ್ಕಿತು. ಎರಡೂ ಒಂದೇ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮೂರ್ ಅವರ ಶಿಷ್ಯ ವಾರಗಟ್ಟಲೆ ಒಬ್ಬನೇ ಒದ್ದಾಡಿದರೂ ಕೊನೆಗೆ ಅವನಿಗೆ ಒಂದು ಬೋರ್ಡು ಕಾಯುತ್ತಿತ್ತು, ತಪ್ಪು ಹುಡುಕಲು ಹತ್ತು ಜೊತೆ ಕಣ್ಣು ಕಾಯುತ್ತಿದ್ದವು. ತನ್ನ ಮಾತನ್ನು ತಪ್ಪು ಅನ್ನುವಷ್ಟು ಗಮನ ಕೊಟ್ಟು ಕೇಳುವವರಿದ್ದಾರೆ ಅನ್ನುವುದು ದೊಡ್ಡ ಗೌರವ. ಆ ಗೌರವಕ್ಕೆ ಯಾರು ಅರ್ಹರು ಅನ್ನುವುದನ್ನು ಮೇಷ್ಟ್ರು ಮೈಬಣ್ಣ ನೋಡಿ ತೀರ್ಮಾನಿಸಿದ್ದರು.

"ಆ ಕಾಲವೇ ಹಾಗಿತ್ತು, ಒಬ್ಬರನ್ನೇ ಏಕೆ ಅನ್ನಬೇಕು" ಅನ್ನುವ ಮಾತು ಇಂಥ ಕಡೆ ಬಂದೇ ಬರುತ್ತದೆ. ಅದಕ್ಕೇ ಕ್ಲೈನ್ ಹೆಸರನ್ನು ನೆನಪಿಟ್ಟುಕೊಳ್ಳಿ ಅಂದಿದ್ದು. ಮೂರ್ ಅವರ ಮೊದಲ ಶಿಷ್ಯ ಕ್ಲೈನ್ ಪೆನ್ಸಿಲ್ವೇನಿಯಾದಲ್ಲೇ ಮೇಷ್ಟ್ರಾದರು. 1928ರಲ್ಲಿ ಅವರ ಬಳಿ ಡಡ್ಲಿ ವುಡರ್ಡ್ ಪಿಎಚ್‌ಡಿ ಪಡೆದರು, ಅಮೆರಿಕದಲ್ಲಿ ಗಣಿತದ ಪಿಎಚ್‌ಡಿ ಪಡೆದ ಎರಡನೆಯ ಕಪ್ಪು ವ್ಯಕ್ತಿ. 1933ರಲ್ಲಿ ವಿಲಿಯಂ ಕ್ಲೇಟರ್ ಪಡೆದರು, ಮೂರನೆಯವರು. ಇಬ್ಬರೂ ಮಾಡಿದ್ದು ಟೊಪಾಲಜಿ, ಅಂದರೆ ಮೂರ್ ಅವರದೇ ವಿಷಯ. ಕ್ಲೇಟರ್ ಅವರ ಕೆಲಸವಂತೂ ಆ ಕಾಲದ ಮುಂಚೂಣಿಯ ಕೆಲಸ, 1934ರಲ್ಲಿ 'ಆನಲ್ಸ್ ಆಫ್ ಮ್ಯಾಥಮೆಟಿಕ್ಸ್' ಪತ್ರಿಕೆಯಲ್ಲಿ ಬಂತು. ಅವರು ಆಮೇಲೆ ಮಿಶಿಗನ್ನಿನಲ್ಲಿ ಕೆಲಕಾಲ ಸಂಶೋಧನೆ ನಡೆಸಿದರು. ಇನ್ಶೂರೆನ್ಸ್ ಕಲಿಯಲು ಬಂದಿದ್ದ ವೈಲ್ಡರ್ ಆಗ ಅಲ್ಲೇ ಪ್ರೊಫೆಸರ್. ಗುರು ಬಾಗಿಲು ಹಾಕಿಕೊಂಡದ್ದಕ್ಕೆ 30 ವರ್ಷ ಮೊದಲೇ ಶಿಷ್ಯ ಬಾಗಿಲು ತೆಗೆದಿದ್ದರು. ಅಂದರೆ ಮೂರ್ ಅವರಿಗೆ ಇಬ್ಬರು ಕಪ್ಪು ಮೊಮ್ಮಕ್ಕಳಿದ್ದರು, ಗಣಿತದವರು ವಂಶವೃಕ್ಷ ಬರೆಯುವ ಲೆಕ್ಕದಲ್ಲಿ. ಬಾಗಿಲಲ್ಲಿ ನಿಂತು ಆರಿಸುವ ಅಧಿಕಾರ ಪದ್ಧತಿಯೊಳಗೇ ಇತ್ತು, ಅದು ನಿಜ. ಆದರೆ ಯಾರನ್ನು ಆರಿಸಬೇಕು ಅಂತ ಪದ್ಧತಿ ಹೇಳಿರಲಿಲ್ಲ.

ಮೂರ್ ಅವರ ಉದ್ಯೋಗದ ಕೊನೆಯ ವರ್ಷಗಳನ್ನು ನೋಡಿದರೆ ನನಗೆ ಸಿಟ್ಟು ಮತ್ತು ಬೆರಗು ಒಟ್ಟಿಗೇ ಬರುತ್ತದೆ. 70 ದಾಟಿದ ಮೇಲೆ ನಿಯಮದ ಪ್ರಕಾರ ಅರ್ಧ ಸಂಬಳ. ಇವರು ಅರ್ಧ ಸಂಬಳಕ್ಕೆ ಪೂರ್ತಿ ಪಾಠ ಮಾಡಿದರು, ಮೊದಲ ವರ್ಷದ ಕ್ಯಾಲ್ಕುಲಸ್‌ನಿಂದ ಹಿಡಿದು ಸಂಶೋಧನೆಯವರೆಗೆ. 1969ರಲ್ಲಿ, 86ರ ವಯಸ್ಸಿನಲ್ಲಿ, ನಿವೃತ್ತಿಯಾಯಿತು. ಹೀಗೆ ಹದಿನೆಂಟರ ಹುಡುಗರ ಜೊತೆ ಕೂತು, ಅವರ ತಪ್ಪು ಸಾಧನೆಗಳನ್ನು ಆಕಳಿಸದೆ ಕೇಳಿದ ಮೇಷ್ಟ್ರುಗಳು ಎಷ್ಟು ಜನ ಸಿಕ್ಕಾರು? 1973ರಲ್ಲಿ ವಿಶ್ವವಿದ್ಯಾಲಯ ತನ್ನ ಗಣಿತ, ಭೌತಶಾಸ್ತ್ರ, ಖಗೋಳಶಾಸ್ತ್ರದ ದೊಡ್ಡ ಕಟ್ಟಡಕ್ಕೆ ಅವರ ಹೆಸರಿಟ್ಟಿತು. 1974ರ ಅಕ್ಟೋಬರಿನಲ್ಲಿ ತೀರಿಕೊಂಡರು. ಕಟ್ಟಡವನ್ನು ಎಲ್ಲರೂ 'ಆರ್‌ಎಲ್‌ಎಂ' ಅಂತ ಕರೆಯುತ್ತಿದ್ದರು. 2020ರಲ್ಲಿ ವಿಶ್ವವಿದ್ಯಾಲಯ ಆ ಹೆಸರನ್ನು ತೆಗೆದುಹಾಕಿತು. ಈಗ ಅದು ಬರೀ ಭೌತಶಾಸ್ತ್ರ, ಗಣಿತ, ಖಗೋಳಶಾಸ್ತ್ರದ ಕಟ್ಟಡ.

ಪದ್ಧತಿ ಮಾತ್ರ ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಸ್ವಲ್ಪ ಮೆತ್ತಗಾಗಿ ಉಳಿದಿದೆ. ಈಗಿನ ಮೇಷ್ಟ್ರುಗಳು ವಿದ್ಯಾರ್ಥಿಗಳನ್ನು ಗುಂಪಿನಲ್ಲಿ ಮಾತಾಡಲು ಬಿಡುತ್ತಾರೆ, ಪುಸ್ತಕ ನೋಡಿದರೆ ಹೊರಗೆ ಹಾಕುವುದಿಲ್ಲ. ಮೂರ್ ಇದ್ದಿದ್ದರೆ ಇದನ್ನು ತಮ್ಮ ಪದ್ಧತಿ ಅಂತ ಒಪ್ಪುತ್ತಿದ್ದರೋ ಇಲ್ಲವೋ. ಒಪ್ಪದಿದ್ದರೆ ನಷ್ಟವೇನಿಲ್ಲ ಅಂತ ನನ್ನ ಅಂಬೋಣ.

ಮೇಯ್ಸ್ ಏನಾದರು? ಐದು ವರ್ಷ ಮೊದಲು ವಿದ್ಯಾರ್ಥಿಯಾಗಿ ಒಳಗೆ ಬಿಡದ ಅದೇ ಬೇಲರ್ ವಿಶ್ವವಿದ್ಯಾಲಯ 1966ರಲ್ಲಿ ಅವರನ್ನು ಮೇಷ್ಟ್ರಾಗಿ ಕರೆದುಕೊಂಡಿತು, ಅಲ್ಲಿನ ಮೊದಲ ಕಪ್ಪು ಪ್ರೊಫೆಸರ್. 1971ರಲ್ಲಿ ಅಲ್ಲಿನ ವಿದ್ಯಾರ್ಥಿ ಸಂಘ ಅವರನ್ನು ಆ ವರ್ಷದ ಅತ್ಯುತ್ತಮ ಅಧ್ಯಾಪಕಿ ಅಂತ ಆರಿಸಿತು. ಆರೋಗ್ಯ ಕೆಡುವವರೆಗೂ ಅಲ್ಲೇ ಪಾಠ ಹೇಳಿದರು. ಕ್ಲಾಸಿನಲ್ಲಿ ಹಿಂದೆ ಬೀಳುವವರು ತಮ್ಮ ತಮ್ಮ ವೇಗದಲ್ಲಿ ಕೇಳಿ ಕಲಿಯಲಿ ಅಂತ ಧ್ವನಿಮುದ್ರಿತ ಪಾಠಗಳನ್ನೂ ಮಾಡಿಟ್ಟಿದ್ದರು. ಹೇಳಿಕೊಡುವ ಮೇಷ್ಟ್ರು! 1995ರಲ್ಲಿ ತೀರಿಕೊಂಡರು.

ಅಂದ ಹಾಗೆ, ಮ, ನ ಗುಂಪುಗಳ ಪ್ರಮೇಯದ ತೂತನ್ನು ಯಾರಾದರೂ ಮುಚ್ಚಿದಿರಾ? ಮುಚ್ಚಿದ್ದರೆ ಉತ್ತರವನ್ನು ಇಲ್ಲಿ ಬರೆಯಬೇಡಿ. ಇನ್ನೂ ಯೋಚಿಸುತ್ತಿರುವವರಿಗೆ ಇಲ್ಲಿಂದ ಎದ್ದು ಹೊರಗೆ ಹೋಗಲು ಬಾಗಿಲಿಲ್ಲ :)